ಬಾಯಲ್ಲಿ ಬಿಸಿ ತುಪ್ಪ: ಒಂದು ಬ್ಯಾಸ್ಕೆಟ್‌ಬಾಲ್ ಒಪ್ಪಂದದ ಆರು ವರ್ಷ

2016-17ರ ಸೀಸನ್‌ನಲ್ಲಿ ಸ್ಟೆಫನ್ ಕರಿಗೆ ಸಿಕ್ಕ ಸಂಬಳ ಸುಮಾರು 1.21 ಕೋಟಿ ಡಾಲರ್. ಅಷ್ಟೊತ್ತಿಗೆ ಅವರು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಸತತ ಎರಡು ವರ್ಷ ಅತ್ಯುತ್ತಮ ಆಟಗಾರ. ಎರಡನೆಯ ಸಲವಂತೂ ಮೊದಲ ಸ್ಥಾನದ ಒಂದೇ ಒಂದು ಮತ ಬೇರೆಯವರಿಗೆ ಹೋಗಿರಲಿಲ್ಲ. ಅದೇ ಸೀಸನ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಟಿಮೊಫೆ ಮೊಜ್ಗೊವ್ ಎಂಬ ಏಳಡಿ ಎತ್ತರದ ರಷ್ಯನ್ ಸೆಂಟರ್‌ಗೆ ಕೊಟ್ಟಿದ್ದು 1.6 ಕೋಟಿ ಡಾಲರ್. ಹಿಂದಿನ ಸೀಸನ್‌ನಲ್ಲಿ ಅವರ ಸರಾಸರಿ ಪಂದ್ಯಕ್ಕೆ ಆರು ಚಿಲ್ಲರೆ ಪಾಯಿಂಟ್. ಅವರಿದ್ದ ಕ್ಲೀವ್‌ಲ್ಯಾಂಡ್ ತಂಡ ಆ ವರ್ಷ ಚಾಂಪಿಯನ್ ಆಯಿತು, ನಿಜ. ಆದರೆ ಏಳು ಪಂದ್ಯಗಳ ಆ ಫೈನಲ್‌ನಲ್ಲಿ ಮೊಜ್ಗೊವ್ ಹೆಚ್ಚೂಕಮ್ಮಿ ಬೆಂಚಿನ ಮೇಲೇ ಕೂತಿದ್ದರು. 2016ರ ಜುಲೈ 1ರಂದು ಆಟಗಾರರ ಮಾರುಕಟ್ಟೆ ತೆರೆದ ಕೆಲವೇ ಗಂಟೆಗಳಲ್ಲಿ ಲೇಕರ್ಸ್ ಅವರಿಗೆ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್ ಕೊಡಲು ಮಾತಾಡಿ ಮುಗಿಸಿತ್ತು. ಅವರಿಗೆ ಮೂವತ್ತು ತುಂಬಲು ಇನ್ನೂ ಎರಡು ವಾರ ಬಾಕಿ ಇತ್ತು.

ಲೇಕರ್ಸ್‌ನವರಿಗೆ ತಲೆ ಕೆಟ್ಟಿತ್ತು ಎಂದು ನಕ್ಕು ಸುಮ್ಮನಾಗಬಹುದು. ಆ ವರ್ಷ ಲೋಕವೆಲ್ಲ ನಕ್ಕಿದ್ದೂ ಹಾಗೆಯೇ. ಆದರೆ ಆ ಸಹಿ ಬಿದ್ದದ್ದು ಹೇಗೆ, ಬಿದ್ದ ಮೇಲೆ ಅದು ಎಲ್ಲೆಲ್ಲಿ ತಿರುಗಿತು ಎಂದು ಬೆನ್ನು ಹತ್ತಿ ಹೋದರೆ ಎನ್‌ಬಿಎಯ ಇಡೀ ಹಣದ ವ್ಯವಸ್ಥೆ ಒಂದು ಸುತ್ತು ನೋಡಿದಂತಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಈ ಕಥೆಯಲ್ಲಿ ಮೊಜ್ಗೊವ್ ತಪ್ಪು ಏನೂ ಇಲ್ಲ. ಮುಂದೆ ಇಟ್ಟ ಕಾಗದಕ್ಕೆ ಸಹಿ ಹಾಕಿದರು. ನಾನಾದರೂ ಹಾಕುತ್ತಿದ್ದೆ, ನೀವೂ ಹಾಕುತ್ತಿದ್ದಿರಿ.

ಐಪಿಎಲ್ ಹರಾಜು ನೋಡಿದವರಿಗೆ ಪರ್ಸ್ ಅಂದರೆ ಏನೆಂದು ಗೊತ್ತು. ಖಾಲಿಯಾದರೆ ಮುಗಿಯಿತು, ಕೈ ಕೆಳಗಿಳಿಸಬೇಕು. ಎನ್‌ಬಿಎಯ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, ಅಷ್ಟು ನೇರವಾದದ್ದಲ್ಲ. 1984-85ರಲ್ಲಿ ಶುರುವಾದಾಗ ಅದು ತಂಡಕ್ಕೆ 36 ಲಕ್ಷ ಡಾಲರ್ ಇತ್ತು, ಆಗಿನಿಂದಲೇ ಅದರಲ್ಲೊಂದು ಕಿಂಡಿಯೂ ಇತ್ತು. ತನ್ನಲ್ಲೇ ಆಡುತ್ತಿರುವ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಮಿತಿ ಮೀರಬಹುದು. ಬಾಸ್ಟನ್‌ನ ಲ್ಯಾರಿ ಬರ್ಡ್ ಹೆಸರಿನಲ್ಲಿ ಅದಕ್ಕೆ ಇವತ್ತಿಗೂ ಬರ್ಡ್ ಹಕ್ಕು ಎನ್ನುತ್ತಾರೆ. ಆದರೆ ಹೊರಗಿನವನನ್ನು ದೊಡ್ಡ ಮೊತ್ತಕ್ಕೆ ಕರೆತರಬೇಕಾದರೆ ಕ್ಯಾಪ್ ಒಳಗೆ ಜಾಗ ಇರಲೇಬೇಕು. ಒಪ್ಪಂದದ ಹಣವಂತೂ ಬಹುಪಾಲು ಖಾತರಿ: ಆಡಲಿ, ಕೂರಲಿ, ಮೊಣಕಾಲು ಮುರಿದುಕೊಳ್ಳಲಿ, ಕೊಡಲೇಬೇಕು. ಬೇಡವೆಂದರೆ ಬೇರೆ ತಂಡಕ್ಕೆ ದಾಟಿಸಬೇಕು. ಅಲ್ಲೂ ಒಂದು ಕೊಕ್ಕೆ. ಕ್ಯಾಪ್ ಮೀರಿದ ತಂಡ ಒಬ್ಬನನ್ನು ತರಬೇಕಾದರೆ ಹೆಚ್ಚೂಕಮ್ಮಿ ಅಷ್ಟೇ ಸಂಬಳದವನನ್ನು ಬದಲಿಗೆ ಕಳಿಸಬೇಕು. ಖಾಲಿ ಜಾಗ ಇರುವ ತಂಡವೊಂದು ಸಿಕ್ಕರೆ ಅದು ಪುಕ್ಕಟೆಯಾಗಿ ಹೊರೆ ಹೊರುವುದಿಲ್ಲ, ಕೂಲಿ ಕೇಳುತ್ತದೆ. ಆ ಕೂಲಿ ಎಂದರೆ ಒಬ್ಬ ಚಿಗುರು ಆಟಗಾರ, ಇಲ್ಲವೇ ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್. ಡ್ರಾಫ್ಟ್ ಎಂದರೆ ಲೀಗ್‌ಗೆ ಹೊಸದಾಗಿ ಬರುವ ಹುಡುಗರನ್ನು ತಂಡಗಳು ವರ್ಷಕ್ಕೊಮ್ಮೆ ಸರದಿಯಲ್ಲಿ ಆರಿಸಿಕೊಳ್ಳುವುದು, ಪಿಕ್ ಎಂದರೆ ಅದರಲ್ಲಿ ಒಂದು ಸರದಿ.

ಹಾಗಾಗಿ ಕೆಟ್ಟ ಒಪ್ಪಂದ ಅಂದಾಗ ಮಾಲೀಕನ ಜೇಬು ನೆನೆದು ಮರುಗಬೇಕಾಗಿಲ್ಲ, ಅವನು ಶತಕೋಟ್ಯಧಿಪತಿ. ಅದು ನುಂಗುವುದು ಜಾಗವನ್ನು. ಆ ಜಾಗದಲ್ಲಿ ಬರಬಹುದಾಗಿದ್ದ ಇನ್ನೊಬ್ಬ ಬರುವುದಿಲ್ಲ.

ಈಗ 2016ಕ್ಕೆ. ಅದಕ್ಕೂ ಎರಡು ವರ್ಷ ಹಿಂದೆ ಲೀಗ್ ಟಿವಿ ಕಂಪನಿಗಳ ಜತೆ ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್‌ನ ಪ್ರಸಾರ ಒಪ್ಪಂದ ಮಾಡಿಕೊಂಡಿತ್ತು. ಲೀಗ್‌ನ ಆದಾಯದಲ್ಲಿ ಸುಮಾರು ಅರ್ಧ ಆಟಗಾರರ ಪಾಲು, ಕ್ಯಾಪ್ ಲೆಕ್ಕ ಹಾಕುವುದೂ ಆ ಪಾಲಿನಿಂದಲೇ. ಆದ್ದರಿಂದ ಹೊಸ ಟಿವಿ ಹಣ ಬಂದ ಮೊದಲ ಬೇಸಿಗೆಯಲ್ಲೇ ಕ್ಯಾಪ್ 7 ಕೋಟಿಯಿಂದ 9.41 ಕೋಟಿಗೆ ನೆಗೆಯಿತು. ಒಂದೇ ಸಲಕ್ಕೆ ಬೇಡ, ವರ್ಷವರ್ಷ ಸ್ವಲ್ಪ ಸ್ವಲ್ಪ ಏರಿಸೋಣ ಎಂದು ಲೀಗ್ ಕೇಳಿಕೊಂಡಿತ್ತು, ಆಟಗಾರರ ಸಂಘ ಒಪ್ಪಲಿಲ್ಲ. ಮಿಶೆಲ್ ರಾಬರ್ಟ್ಸ್ ಆಗ ಸಂಘದ ಮುಖ್ಯಸ್ಥೆ. ಬಂದ ಹಣವನ್ನು ಬೇಡ ಅನ್ನುವುದು ಯಾಕೆ ಎಂಬ ಅವರ ನಿಲುವು ಆಗ ಸರಿಯಾಗಿಯೇ ಕಂಡಿತ್ತು.

ಫಲ ಏನೆಂದರೆ, ಒಂದೇ ರಾತ್ರಿ ಹೆಚ್ಚಿನೆಲ್ಲ ತಂಡಗಳ ಕೈಯಲ್ಲೂ ಕಾಸು. ಕೊಳ್ಳುವವರು ಮೂವತ್ತು ಜನ, ಕೊಳ್ಳಲು ಯೋಗ್ಯರಾದವರು ಬೆರಳೆಣಿಕೆ. ಖರ್ಚು ಮಾಡದೆ ಕೂರೋಣ ಎಂದರೆ ಅದಕ್ಕೂ ದಾರಿ ಇಲ್ಲ. ಆಗಿನ ನಿಯಮದಂತೆ ತಂಡ ಕ್ಯಾಪ್‌ನ ಕನಿಷ್ಠ ಶೇ 90ರಷ್ಟನ್ನು ಸಂಬಳಕ್ಕೆ ಸುರಿಯಬೇಕಿತ್ತು, ಕಡಿಮೆ ಬಿದ್ದ ಮೊತ್ತ ಇರುವ ಆಟಗಾರರಿಗೇ ಹಂಚಿಹೋಗುತ್ತಿತ್ತು. ಉಳಿತಾಯದ ಸುಖವೂ ಇಲ್ಲ ಅಂದಮೇಲೆ ಯಾರನ್ನಾದರೂ ತಂದುಬಿಡೋಣ ಅನ್ನಿಸುವುದು ಸಹಜ. ಲೇಕರ್ಸ್ ಮೊಜ್ಗೊವ್ ಬೆನ್ನಿಗೇ 31ರ ಲುವೊಲ್ ಡೆಂಗ್‌ಗೆ 7.2 ಕೋಟಿ ಕೊಟ್ಟಿತು. ನ್ಯೂಯಾರ್ಕ್ ನಿಕ್ಸ್ ಅಷ್ಟೇ ಮೊತ್ತವನ್ನು ಜೋಕಿಮ್ ನೋವಾಗೆ, ಒರ್ಲ್ಯಾಂಡೊ ಅಷ್ಟೇ ಮೊತ್ತವನ್ನು ಬಿಸ್ಮ್ಯಾಕ್ ಬಿಯೊಂಬೊಗೆ. ಮೆಂಫಿಸ್ ಚಾಂಡ್ಲರ್ ಪಾರ್ಸನ್ಸ್‌ಗೆ 9.4 ಕೋಟಿ. ಅವರ ಮೊಣಕಾಲಿಗೆ ಆಗಲೇ ಶಸ್ತ್ರಚಿಕಿತ್ಸೆಗಳಾಗಿದ್ದವು. ಮೆಂಫಿಸ್ ಪರ ಮೂರು ಸೀಸನ್‌ಗಳಲ್ಲಿ ಅವರು ಆಡಿದ್ದು 34, 36, 25 ಪಂದ್ಯ. ಒಂದೊಂದು ಸೀಸನ್‌ಗೆ 82 ಪಂದ್ಯ ಇರುತ್ತವೆ.

ಇನ್ನೊಂದು ಕಡೆ ಇದೇ ಹೊಸ ಜಾಗವನ್ನು ಸ್ಟೆಫನ್ ಕರಿ ಆಡುತ್ತಿದ್ದ ಗೋಲ್ಡನ್ ಸ್ಟೇಟ್ ತಂಡ ಕೆವಿನ್ ಡುರಾಂಟ್ ಎಂಬ ತಾರೆಗೆ ಇಟ್ಟಿತು. ಕಣಕಾಲು ಪದೇಪದೇ ಕೈಕೊಡುತ್ತಿದ್ದ 2012ರಲ್ಲಿ ಕರಿ ನಾಲ್ಕು ವರ್ಷಕ್ಕೆ 4.4 ಕೋಟಿಗೆ ಸಹಿ ಹಾಕಿದ್ದರು. ಆಗ ಅಷ್ಟೂ ಜಾಸ್ತಿಯಾಯಿತು ಅಂದವರಿದ್ದರು. ಆ ಅಗ್ಗದ ಒಪ್ಪಂದ ಇನ್ನೂ ಒಂದು ವರ್ಷ ಉಳಿದಿದ್ದರಿಂದಲೇ ಡುರಾಂಟ್‌ಗೆ ಜಾಗ ಆದದ್ದು. ಮುಂದಿನ ಎರಡು ವರ್ಷ ಅವರೇ ಚಾಂಪಿಯನ್.

ಮೊಜ್ಗೊವ್ ಒಪ್ಪಂದಕ್ಕೆ ವಾಪಸ್ ಬರೋಣ. ಲೇಕರ್ಸ್ ಅಷ್ಟು ಅವಸರ ಮಾಡಿದ್ದೇಕೆ? ಕೋಬಿ ಬ್ರಯಂಟ್ ಕೊನೆಯ ಸಲ ಆಡಿದ ಸೀಸನ್ ಅದಾಗಲೇ ಮುಗಿದಿತ್ತು. 17 ಗೆಲುವು, 65 ಸೋಲು. ತಂಡದ ಆಟದ ವಿಭಾಗ ನೋಡಿಕೊಳ್ಳುತ್ತಿದ್ದ ಜಿಮ್ ಬಸ್, ಮೂರ್ನಾಲ್ಕು ವರ್ಷದಲ್ಲಿ ತಂಡ ಮತ್ತೆ ಮೇಲೆ ಬರದಿದ್ದರೆ ತಾನೇ ಕೆಳಗಿಳಿಯುತ್ತೇನೆ ಎಂದು 2014ರಲ್ಲೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಗಡುವು ತಲೆಯ ಮೇಲೆ ತೂಗುವಾಗ ನಾಲ್ಕನೆಯ ವರ್ಷದ ಸಂಬಳ ಯಾರ ಕಣ್ಣಿಗೆ ಕಾಣುತ್ತದೆ? ಕಾಣುವುದು ಮುಂದಿನ ಆರು ತಿಂಗಳು. ಈ ಇಡೀ ವಿಷಯದ ತಿರುಳು ನನಗೆ ಕಾಣುವುದು ಇಲ್ಲೇ: ಒಪ್ಪಂದದ ಆಯುಸ್ಸು ನಾಲ್ಕು ವರ್ಷ, ಸಹಿ ಹಾಕಿದವನ ಕುರ್ಚಿಯ ಆಯುಸ್ಸು ಅದಕ್ಕಿಂತ ಕಡಿಮೆ. 2017ರ ಫೆಬ್ರುವರಿಯಲ್ಲಿ ತಂಡದ ಒಡತಿ ಜೀನಿ ಬಸ್ ತಮ್ಮ ಸ್ವಂತ ಸಹೋದರ ಜಿಮ್ ಅವರನ್ನೂ ಜನರಲ್ ಮ್ಯಾನೇಜರ್ ಮಿಚ್ ಕಪ್ಚಾಕ್ ಅವರನ್ನೂ ಒಂದೇ ದಿನ ತೆಗೆದರು. ಮೊಜ್ಗೊವ್‌ಗೆ ಸಹಿ ಹಾಕಿಸಿ ಎಂಟು ತಿಂಗಳೂ ತುಂಬಿರಲಿಲ್ಲ.

ಜಿಮ್ ಜಾಗಕ್ಕೆ ಹೊಸದಾಗಿ ಬಂದ ಮ್ಯಾಜಿಕ್ ಜಾನ್ಸನ್ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಉಗುಳಲು ತೆತ್ತ ಬೆಲೆ ಡಿಏಂಜೆಲೊ ರಸೆಲ್, ಎರಡೇ ವರ್ಷ ಹಿಂದಿನ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾಗಿದ್ದ ಹುಡುಗ. 2017ರ ಜೂನ್‌ನಲ್ಲಿ ರಸೆಲ್ ಮತ್ತು ಮೊಜ್ಗೊವ್ ಬ್ರೂಕ್ಲಿನ್‌ಗೆ ಹೋದರು. ಲೇಕರ್ಸ್‌ಗೆ ಬ್ರೂಕ್ ಲೋಪೆಜ್ ಮತ್ತು 27ನೆಯ ಪಿಕ್ ಬಂತು. ರಸೆಲ್ 2019ರಲ್ಲಿ ಬ್ರೂಕ್ಲಿನ್ ಪರ ಆಲ್-ಸ್ಟಾರ್ ಆದರು. ಹೀಗೆ ಖಾಲಿಯಾದ ಜಾಗ 2018ರಲ್ಲಿ ಲೆಬ್ರಾನ್ ಜೇಮ್ಸ್‌ರನ್ನು ತರುವಾಗ ಒದಗಿತು ಎನ್ನುವುದೂ ಸತ್ಯ. ತಪ್ಪು ಮಾಡಿಯೂ ಲಾಸ್ ಏಂಜಲೀಸ್ ಹೆಸರಿನ ಬಲದಿಂದ ದಡ ಸೇರಬಹುದು. ಮೆಂಫಿಸ್‌ಗೆ ಆ ಭಾಗ್ಯ ಇಲ್ಲ.

ಒಪ್ಪಂದದ ಪ್ರಯಾಣ ಮಾತ್ರ ಮುಂದುವರಿಯಿತು. ಬ್ರೂಕ್ಲಿನ್‌ನಲ್ಲಿ ಮೊಜ್ಗೊವ್ ಒಂದು ಸೀಸನ್‌ನಲ್ಲಿ 31 ಪಂದ್ಯ ಆಡಿದರು. 2018ರ ಜುಲೈನಲ್ಲಿ ಡ್ವೈಟ್ ಹವರ್ಡ್ ಬದಲಿಗೆ ಅವರನ್ನು ಷಾರ್ಲೆಟ್‌ಗೆ ಕಳಿಸಲಾಯಿತು. ಒಂದೆರಡು ದಿನದಲ್ಲೇ ಷಾರ್ಲೆಟ್ ಅವರನ್ನು ಒರ್ಲ್ಯಾಂಡೊಗೆ ದಾಟಿಸಿತು. ಬದಲಿಗೆ ಷಾರ್ಲೆಟ್‌ಗೆ ಬಂದವರು ಯಾರೆಂದುಕೊಂಡಿರಿ? ಬಿಸ್ಮ್ಯಾಕ್ ಬಿಯೊಂಬೊ, ಅದೇ 2016ರ ಬೇಸಿಗೆಯ 7.2 ಕೋಟಿ. ಸಂತೆಯಲ್ಲಿ ಕುಂಟೆತ್ತು ಕೊಟ್ಟು ಕುರುಡೆತ್ತು ಹೊಡೆದುಕೊಂಡು ಬಂದ ಹಾಗೆ. ಒರ್ಲ್ಯಾಂಡೊ ಪರ ಮೊಜ್ಗೊವ್ ಒಂದು ಪಂದ್ಯವನ್ನೂ ಆಡಲಿಲ್ಲ.

2019ರಲ್ಲಿ ಒರ್ಲ್ಯಾಂಡೊ ಅವರನ್ನು ಕೈಬಿಟ್ಟಿತು. ಆಗ ಬಳಸಿದ್ದು ಸ್ಟ್ರೆಚ್ ಎಂಬ ನಿಯಮ. ಇದನ್ನು ಒಂದು ನಿಮಿಷ ನಿಂತು ನೋಡಬೇಕು. ಒಪ್ಪಂದದಲ್ಲಿ ಉಳಿದಿರುವ ವರ್ಷಗಳನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿ. ಅಷ್ಟು ವರ್ಷಕ್ಕೆ ಬಾಕಿ ಹಣವನ್ನು ಸಮನಾಗಿ ಹಂಚಬಹುದು. ಮೊಜ್ಗೊವ್‌ಗೆ ಉಳಿದಿದ್ದು ಒಂದೇ ವರ್ಷ, ಹಾಗಾಗಿ ಹಂಚಿಕೆ ಮೂರು ವರ್ಷಕ್ಕೆ. ನಿಕ್ಸ್ ನೋವಾಗೆ ಮಾಡಿದ್ದೂ ಇದನ್ನೇ: ಕೊನೆಯ ವರ್ಷದ ಸುಮಾರು 1.93 ಕೋಟಿಯನ್ನು ಮೂರಕ್ಕೆ ಭಾಗಿಸಿದರೆ ವರ್ಷಕ್ಕೆ 64 ಲಕ್ಷ. ಡೆಂಗ್ ಲೆಕ್ಕವೂ ವರ್ಷಕ್ಕೆ ಸುಮಾರು 50 ಲಕ್ಷದಂತೆ ಲೇಕರ್ಸ್ ಪುಸ್ತಕದಲ್ಲಿ ಎಳೆಯಿತು. 2017-18ರಲ್ಲಂತೂ ಡೆಂಗ್ 1.7 ಕೋಟಿ ಸಂಬಳ ಪಡೆದು ಆಡಿದ್ದು ಒಂದೇ ಒಂದು ಪಂದ್ಯ, ಅದೂ ಸೀಸನ್‌ನ ಮೊದಲನೆಯದು. 2021-22ರಲ್ಲಿ ಈ ಮೂವರಲ್ಲಿ ಯಾರೂ ಎನ್‌ಬಿಎಯಲ್ಲಿ ಇರಲಿಲ್ಲ. ಮೂವರ ಹೆಸರೂ ಆಯಾ ತಂಡಗಳ ಸಂಬಳದ ಪಟ್ಟಿಯಲ್ಲಿತ್ತು. ಬಿಲ್ ಮೊತ್ತ ಅಷ್ಟೇ, ಇಎಂಐ ಉದ್ದವಾಯಿತು.

ನೋವಾ ವಿಷಯದಲ್ಲಿ ಇನ್ನೊಂದು ವಿಧಿಯಾಟವಿದೆ. 2005ರಲ್ಲಿ ನಿಕ್ಸ್ ನಡೆಸುತ್ತಿದ್ದ ಐಸಯಾ ಥಾಮಸ್ ಷಿಕಾಗೊದಿಂದ ಎಡ್ಡಿ ಕರಿಯನ್ನು ತಂದು ಆರು ವರ್ಷಕ್ಕೆ 6 ಕೋಟಿ ಕೊಟ್ಟರು. ಬದಲಿಗೆ ಷಿಕಾಗೊಗೆ 2006ರ ಮೊದಲ ಸುತ್ತಿನ ಪಿಕ್ ಮತ್ತು 2007ರ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು, ಅಂದರೆ ನಿಕ್ಸ್‌ನ ಸರದಿ ಮೇಲಿದ್ದರೆ ತನ್ನದನ್ನು ಕೊಟ್ಟು ಅದನ್ನು ಪಡೆಯಬಹುದು. 2007ರಲ್ಲಿ ನಿಕ್ಸ್ ಕೈತಪ್ಪಿದ ಒಂಬತ್ತನೆಯ ಪಿಕ್‌ನಲ್ಲಿ ಷಿಕಾಗೊ ಆರಿಸಿಕೊಂಡ ಹುಡುಗನೇ ಜೋಕಿಮ್ ನೋವಾ. ಒಂಬತ್ತು ವರ್ಷ ಷಿಕಾಗೊ ಅವರ ಯೌವನದ ಆಟ ಉಂಡಿತು. ಆಮೇಲೆ 31 ದಾಟಿ, ಭುಜದ ಶಸ್ತ್ರಚಿಕಿತ್ಸೆಯೂ ಆದ ಮೇಲೆ ಫಿಲ್ ಜಾಕ್ಸನ್ ನೇತೃತ್ವದ ನಿಕ್ಸ್ 7.2 ಕೋಟಿ ಕೊಟ್ಟು ಅವರನ್ನು ಮನೆಗೆ ತಂದಿತು. 53 ಪಂದ್ಯ ಆಡಿಸಿತು. ಡ್ರಾಫ್ಟ್‌ನಲ್ಲಿ ಪುಡಿಗಾಸಿಗೆ ಸಿಗಬೇಕಾಗಿದ್ದವರು ಇವರೇ.

ಆ ಕಾಲದ ನಿಕ್ಸ್ ಬಗ್ಗೆ ಬರೆಯುತ್ತಾ ಹೋದರೆ ಪುಟ ಸಾಲದು. ಜೆರೋಮ್ ಜೇಮ್ಸ್ ಒಬ್ಬರೇ ಸಾಕು. 2004-05ರ ಮಾಮೂಲಿ ಸೀಸನ್‌ನಲ್ಲಿ ಅವರ ಸರಾಸರಿ ಐದು ಪಾಯಿಂಟ್ ಕೂಡ ಇರಲಿಲ್ಲ. ಸೀಸನ್ ಮುಗಿದ ಮೇಲಿನ ನಾಕೌಟ್ ಹಂತವಾದ ಪ್ಲೇಆಫ್‌ನ 11 ಪಂದ್ಯಗಳಲ್ಲಿ ಅದು ಹನ್ನೆರಡು ದಾಟಿತು. ನಿಕ್ಸ್ ಆ ಹನ್ನೊಂದು ಪಂದ್ಯ ನೋಡಿ ಐದು ವರ್ಷಕ್ಕೆ 3 ಕೋಟಿ ಬರೆದುಕೊಟ್ಟಿತು. ಎರಡು ಮಳೆ ಬಿದ್ದದ್ದು ನೋಡಿ ಭತ್ತ ಹಾಕಿದ ಹಾಗೆ.

ಇಷ್ಟೆಲ್ಲ ಓದಿ ಇವರೆಲ್ಲ ದಡ್ಡರು ಅನ್ನಿಸಿದರೆ ಅದು ಪೂರ್ತಿ ನ್ಯಾಯವಲ್ಲ. ಹತ್ತು ತಂಡ ಒಬ್ಬನಿಗೆ ಬೆಲೆ ಕಟ್ಟುತ್ತವೆ ಎಂದಿಟ್ಟುಕೊಳ್ಳಿ. ಒಂಬತ್ತು ತಂಡದವರು ಇಷ್ಟಕ್ಕೆ ಮೇಲೆ ಬೇಡ ಎಂದು ನಿಲ್ಲಿಸಿದ ಮೇಲೆ ಆಟಗಾರ ಸಿಗುವುದು ಹತ್ತನೆಯವನಿಗೆ. ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪು ಅಂದಾಜು ಮಾಡಿದವನಿಗೆ. ಹರಾಜಿನಲ್ಲಿ ಗೆದ್ದವನೇ ಸೋತವನಾಗುವ ಇದಕ್ಕೆ ಅರ್ಥಶಾಸ್ತ್ರದವರು ವಿಜೇತನ ಶಾಪ ಎನ್ನುತ್ತಾರೆ. ಜತೆಗೆ, ಆಟಗಾರನೊಬ್ಬ ಮಾರುಕಟ್ಟೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಅವನ ಒಳ್ಳೆಯ ವರ್ಷಗಳು ಆಗಿಹೋಗಿರುತ್ತವೆ. ತಂಡ ದುಡ್ಡು ಕೊಡುವುದು ನಿನ್ನೆಯ ಆಟಕ್ಕೆ, ಸಿಗುವುದು ನಾಳೆಯ ಮೊಣಕಾಲು.

ತಪ್ಪು ಗೊತ್ತಾದ ಮೇಲಾದರೂ ಒಪ್ಪಿಕೊಳ್ಳುತ್ತಾರಾ ಅಂದರೆ ಅದೂ ಕಷ್ಟ. ಬ್ಯಾರಿ ಸ್ಟಾ ಮತ್ತು ಹಾ ಹೊಯಾಂಗ್ ಎಂಬ ಇಬ್ಬರು ಸಂಶೋಧಕರು 1995ರಲ್ಲಿ ಎನ್‌ಬಿಎ ಡ್ರಾಫ್ಟ್ ಆಟಗಾರರ ಲೆಕ್ಕ ತೆಗೆದು ನೋಡಿದರು. ಅಂಗಳದಲ್ಲಿನ ಆಟ ಸಮಸಮ ಇದ್ದರೂ, ಡ್ರಾಫ್ಟ್‌ನಲ್ಲಿ ಮೇಲಿನ ಕ್ರಮಾಂಕದಲ್ಲಿ ಬಂದವರಿಗೆ ಹೆಚ್ಚು ನಿಮಿಷ ಆಡಲು ಸಿಗುತ್ತಿತ್ತು, ಅವರು ಲೀಗ್‌ನಲ್ಲಿ ಉಳಿಯುತ್ತಿದ್ದದ್ದೂ ಹೆಚ್ಚು ಕಾಲ. ದುಬಾರಿಗೆ ತಂದದ್ದನ್ನು ಮೂಲೆಗಿಡಲು ಮನಸ್ಸು ಬರುವುದಿಲ್ಲ. ದುಡ್ಡು ಕೊಟ್ಟ ಸಿನಿಮಾ ಕೆಟ್ಟದಾಗಿದ್ದರೂ ಕೊನೆಯವರೆಗೆ ಕೂರುತ್ತೇವಲ್ಲ, ಅದೇ ರೋಗ. ಇದಕ್ಕೊಂದು ಅಪವಾದ ನನಗೆ ಇಷ್ಟ. 2014ರ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ 28 ಪಂದ್ಯದಲ್ಲಿ ಐದನ್ನು ಮಾತ್ರ ಗೆದ್ದಿತ್ತು. ಆಗ ತಂಡದ ಕೋಚ್ ಸ್ಟಾನ್ ವ್ಯಾನ್ ಗಂಡಿ 5.4 ಕೋಟಿಯ ಜಾಶ್ ಸ್ಮಿತ್ ಅವರನ್ನು ಹಣ ಕೊಟ್ಟೇ ಮನೆಗೆ ಕಳಿಸಿದರು. ಡೆಟ್ರಾಯಿಟ್ ಮುಂದಿನ ಏಳೂ ಪಂದ್ಯ ಗೆದ್ದಿತು. ಸ್ಮಿತ್ ಲೆಕ್ಕ ಮಾತ್ರ 2020ರ ವರೆಗೂ ತೀರಲಿಲ್ಲ.

ಕೆಟ್ಟ ಒಪ್ಪಂದ ಅಂಗಳಕ್ಕಿಳಿಯದೆಯೂ ಹಾಳು ಮಾಡಬಲ್ಲದು. 1996ರಲ್ಲಿ ಸಿಯಾಟಲ್ ಫೈನಲ್‌ವರೆಗೆ ಹೋಗಿ ಜೋರ್ಡನ್‌ರ ಷಿಕಾಗೊ ಎದುರು ಸೋತಿತ್ತು. ಆ ಬೇಸಿಗೆಯಲ್ಲೇ, ಹಿಂದಿನ ವರ್ಷ ಪಂದ್ಯಕ್ಕೆ 2.3 ಪಾಯಿಂಟ್ ಗಳಿಸಿದ್ದ ಜಿಮ್ ಮೆಕಿಲ್ವೇನ್‌ಗೆ ಏಳು ವರ್ಷಕ್ಕೆ 3.36 ಕೋಟಿ ಕೊಟ್ಟಿತು. ತಂಡದ ತಾರೆ ಷಾನ್ ಕೆಂಪ್‌ಗೆ ಹಳೆಯ ಒಪ್ಪಂದ ತಿದ್ದಿಸಿಕೊಳ್ಳಲು ನಿಯಮ ಅಡ್ಡ. ಅವರು ಮುನಿಸಿಕೊಂಡು ಶಿಬಿರಕ್ಕೇ ತಡವಾಗಿ ಬಂದರು, ವರ್ಷ ಕಳೆಯುವುದರೊಳಗೆ ಕ್ಲೀವ್‌ಲ್ಯಾಂಡ್ ಸೇರಿದರು. ಅಲ್ಲಿ ಅವರಿಗೆ ಏಳು ವರ್ಷಕ್ಕೆ 10.7 ಕೋಟಿ ಸಿಕ್ಕಿತು, ಮೈ ಬೆಳೆಯಿತು, ಆಟ ಕುಸಿಯಿತು. ಒಂದು ಕೆಟ್ಟ ಒಪ್ಪಂದ ಇನ್ನೊಂದನ್ನು ಹೆತ್ತಿತು.

ಎನ್‌ಬಿಎಯ ನಿಯಮಗಳ ಪುಸ್ತಕದಲ್ಲಿ ನನಗೆ ತುಂಬ ಹಿಡಿಸುವುದು ಅದರ ಅಡ್ಡಹೆಸರುಗಳು. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಮೊದಲ ಸುತ್ತಿನ ಪಿಕ್‌ಗಳನ್ನು ಕಡಲೆಪುರಿಯಂತೆ ಹಂಚಿದರು. 1983ರಿಂದ 1986ರ ವರೆಗಿನ ನಾಲ್ಕೂ ಡಲ್ಲಾಸ್ ಪಾಲಾದವು. ತಂಡ ಕೊಳ್ಳಲು ಗಂಡ್ ಸೋದರರು ಬಂದಾಗ ಲೀಗ್ ಅವರಿಗೆ ಹೆಚ್ಚುವರಿ ಪಿಕ್‌ಗಳನ್ನು ಮಾರಿ ತಂಡವನ್ನು ಬದುಕಿಸಬೇಕಾಯಿತು. ಮುಂಬರುವ ಎರಡು ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಒಂದರ ಹಿಂದೊಂದು ಕೊಡುವಂತಿಲ್ಲ ಎಂಬ ನಿಯಮಕ್ಕೆ ಇವತ್ತಿಗೂ ಸ್ಟೆಪಿಯನ್ ನಿಯಮ ಎಂದೇ ಹೆಸರು. ಆಮೇಲೆ ಮೊಣಕಾಲು ಕೈಕೊಟ್ಟ ಅಲನ್ ಹ್ಯೂಸ್ಟನ್‌ಗೆ ನಿಕ್ಸ್ 2001ರಲ್ಲಿ 10 ಕೋಟಿ ಕೊಟ್ಟಿತ್ತು. 2005ರಲ್ಲಿ, ಪ್ರತಿ ತಂಡ ಒಬ್ಬನನ್ನು ಕೈಬಿಟ್ಟು ಅವನ ಮೇಲಿನ ಲಕ್ಷುರಿ ಟ್ಯಾಕ್ಸ್‌ನಿಂದ (ಸಂಬಳ ಒಂದು ಗೆರೆ ಮೀರಿದ ತಂಡ ಲೀಗ್‌ಗೆ ಕಟ್ಟುವ ದಂಡ) ತಪ್ಪಿಸಿಕೊಳ್ಳಬಹುದು ಎಂದು ಬಂದ ಕ್ಷಮಾದಾನವನ್ನು ಜನ ಅಲನ್ ಹ್ಯೂಸ್ಟನ್ ನಿಯಮ ಎಂದರು. ನಿಕ್ಸ್ ಅದನ್ನು ಬಳಸಿದ್ದು ಜೆರೋಮ್ ವಿಲಿಯಮ್ಸ್ ಮೇಲೆ!

ಗಿಲ್ಬರ್ಟ್ ಅರೀನಾಸ್ ಹೆಸರಿನಲ್ಲಿ ನಿಯಮವೂ ಇದೆ, ಕೆಟ್ಟ ಒಪ್ಪಂದವೂ ಇದೆ. ಎರಡನೆಯ ಸುತ್ತಿನಲ್ಲಿ ಬಂದ ಅವರನ್ನು 2003ರಲ್ಲಿ ಗೋಲ್ಡನ್ ಸ್ಟೇಟ್ ಜಾಗವಿಲ್ಲದೆ ಕಳೆದುಕೊಂಡಿತು. ಅಂಥವರನ್ನು ಉಳಿಸಿಕೊಳ್ಳಲು ತಂಡಕ್ಕೆ ಅವಕಾಶ ಕೊಡುವ ಅರೀನಾಸ್ ನಿಯಮ ಹಾಗೆ ಬಂತು. 2008ರಲ್ಲಿ ವಾಷಿಂಗ್ಟನ್ ಅವರಿಗೆ 11.1 ಕೋಟಿ ಕೊಟ್ಟಿತು, ಮೊದಲ ಸೀಸನ್‌ನಲ್ಲಿ ಅವರು ಆಡಿದ್ದು ಎರಡು ಪಂದ್ಯ. ಮರುವರ್ಷ ಡ್ರೆಸ್ಸಿಂಗ್ ರೂಮಿಗೆ ಬಂದೂಕು ತಂದು ಅಮಾನತಾದರು. ಆಮೇಲೆ ಒರ್ಲ್ಯಾಂಡೊ ತನ್ನ 11.8 ಕೋಟಿಯ ರಷಾರ್ಡ್ ಲೂಯಿಸ್ ಅವರನ್ನು ಕೊಟ್ಟು ಅರೀನಾಸ್‌ರನ್ನು ತಂದುಕೊಂಡಿತು. ಮತ್ತದೇ ಕುಂಟೆತ್ತು, ಕುರುಡೆತ್ತು. 2011ರಲ್ಲಿ ಬಂದ ಎರಡನೆಯ ಕ್ಷಮಾದಾನ ಬಳಸಿ ಒರ್ಲ್ಯಾಂಡೊ ಕೈತೊಳೆದುಕೊಂಡಿತು.

ನಿಯಮ ಬಂದ ಮೇಲೆ ಓಣಿ ಹುಡುಕುವವರೂ ಬರುತ್ತಾರೆ. 2013ರಲ್ಲಿ ಬ್ರೂಕ್ಲಿನ್ ಮಾಲೀಕ ಮಿಖಾಯಿಲ್ ಪ್ರೊಖೊರೊವ್‌ಗೆ ಬೇಗ ಚಾಂಪಿಯನ್ ಆಗಬೇಕಿತ್ತು. ಬಾಸ್ಟನ್‌ನಿಂದ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಬಂದರು. ಹೋದದ್ದು 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳು, ನಡುವಿನ 2017ರದ್ದು ಅದಲುಬದಲು ಹಕ್ಕು. ವರ್ಷ ಬಿಟ್ಟು ವರ್ಷ ಕೊಟ್ಟದ್ದರಿಂದ ಸ್ಟೆಪಿಯನ್ ನಿಯಮ ಮುರಿಯಲಿಲ್ಲ, ಅದರ ಪಕ್ಕದಲ್ಲೇ ಹಾದುಹೋಯಿತು. ಸಂಬಳಗಳು ತಾಳೆಯಾಗಲೆಂದು ಕೀತ್ ಬೋಗನ್ಸ್ ಎಂಬ ಕನಿಷ್ಠ ಸಂಬಳದ ಆಟಗಾರನಿಗೆ ಬ್ರೂಕ್ಲಿನ್ 50 ಲಕ್ಷಕ್ಕೂ ಮೀರಿದ ಸಂಬಳ ಬರೆದು ಆ ಕಡೆಗೆ ಕಳಿಸಿತು. ತಕ್ಕಡಿಗೆ ಕಲ್ಲು ಕಡಿಮೆ ಬಿತ್ತೆಂದು ಮನುಷ್ಯನನ್ನೇ ಕೂರಿಸಿದ ಹಾಗೆ. ಪಿಯರ್ಸ್ ಒಂದೇ ವರ್ಷದಲ್ಲಿ ಹೋದರು, ಗಾರ್ನೆಟ್ ಎರಡನೆಯ ವರ್ಷದ ನಡುವೆ. 2016-17ರಲ್ಲಿ ಬ್ರೂಕ್ಲಿನ್ 62 ಪಂದ್ಯ ಸೋತು ಲೀಗ್‌ನ ಕೊನೆಯ ಸ್ಥಾನಕ್ಕಿಳಿಯಿತು. ಸೋತರೆ ಒಳ್ಳೆಯ ಪಿಕ್ ಆದರೂ ಸಿಗಬೇಕಲ್ಲ, ಅದು ಬಾಸ್ಟನ್‌ಗೆ. ಆ ಪಿಕ್‌ಗಳಿಂದ ಬಂದವರು ಜೇಲೆನ್ ಬ್ರೌನ್ ಮತ್ತು ಜೇಸನ್ ಟೇಟಮ್. 2024ರಲ್ಲಿ ಬಾಸ್ಟನ್ ಚಾಂಪಿಯನ್, ಫೈನಲ್‌ನ ಶ್ರೇಷ್ಠ ಆಟಗಾರ ಬ್ರೌನ್.

ಇದನ್ನು ನೋಡಿಯೂ 2023ರಲ್ಲಿ ಫೀನಿಕ್ಸ್ ಅದೇ ದಾರಿ ಹಿಡಿಯಿತು. ಹೊಸ ಮಾಲೀಕ ಮ್ಯಾಟ್ ಇಷ್ಬಿಯಾ ಬಂದ ಬೆನ್ನಿಗೇ ಡುರಾಂಟ್‌ಗಾಗಿ 2023, 2025, 2027, 2029ರ ಪಿಕ್‌ಗಳು ಹೋದವು. ಬೇಸಿಗೆಯಲ್ಲಿ ವಾಷಿಂಗ್ಟನ್‌ನಿಂದ ಬ್ರ್ಯಾಡ್ಲಿ ಬೀಲ್ ಬಂದರು. ಐದು ವರ್ಷಕ್ಕೆ 25.1 ಕೋಟಿಯ ಒಪ್ಪಂದ, ಜತೆಗೆ ತನ್ನ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಎಂಬ ಷರತ್ತು. ಅವರಿಗಾಗಿ ಕೊಟ್ಟದ್ದರಲ್ಲಿ 2024, 2026, 2028, 2030ರ ಅದಲುಬದಲು ಹಕ್ಕುಗಳೂ ಸೇರಿದ್ದವು. ಅದೇ ವರ್ಷ ಲೀಗ್ ತಂಡದ ಒಟ್ಟು ಸಂಬಳಕ್ಕೆ ಹೊಸ ಗೆರೆ ಎಳೆದಿತ್ತು, ಅದಕ್ಕೆ ಸೆಕೆಂಡ್ ಏಪ್ರನ್ ಎನ್ನುತ್ತಾರೆ. ಅದನ್ನು ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ವ್ಯಾಪಾರದಲ್ಲಿ ನಗದು ಕೊಡುವಂತಿಲ್ಲ. ಏಳು ವರ್ಷ ಮುಂದಿನ ಪಿಕ್ ಕೂಡ ಹೆಪ್ಪುಗಟ್ಟುತ್ತದೆ. ಮಾಲೀಕನ ಹಣಕ್ಕೆ ಮದ್ದಿಲ್ಲವೆಂದು ಗೊತ್ತಾಗಿ ಲೀಗ್ ಅವನ ಕೈಯನ್ನೇ ಕಟ್ಟಿತು.

2024-25ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಸಂಬಳ ಕೊಡುತ್ತಿದ್ದ ಫೀನಿಕ್ಸ್ 36 ಗೆದ್ದು 46 ಸೋತಿತು, ಪ್ಲೇಆಫ್ ಮುಟ್ಟಲಿಲ್ಲ. ಬೀಲ್ ಹೋಗಲು ಒಪ್ಪದಿದ್ದರೆ ಕಳಿಸುವಂತಿಲ್ಲ, ಒಪ್ಪಿದರೂ ಕೊಳ್ಳುವವರಿಲ್ಲ. ಕೊನೆಗೆ 2025ರ ಜುಲೈನಲ್ಲಿ ಅವರು ಸುಮಾರು 1.39 ಕೋಟಿ ಬಿಟ್ಟುಕೊಟ್ಟು ಹೊರನಡೆದರು. ಉಳಿದಿದ್ದ ಎರಡು ವರ್ಷವನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಐದು. ವರ್ಷಕ್ಕೆ ಸುಮಾರು 1.94 ಕೋಟಿಯಂತೆ ಬೀಲ್ ಹೆಸರು 2029-30ರ ವರೆಗೂ ಫೀನಿಕ್ಸ್ ಲೆಕ್ಕದಲ್ಲಿರುತ್ತದೆ. ಆ ಸೀಸನ್‌ನಲ್ಲಿ ಬೀಲ್‌ಗೆ 36. ಅದು ಮುಗಿದ ಬೇಸಿಗೆಯಲ್ಲೇ 2030ರ ಡ್ರಾಫ್ಟ್, ಅವರನ್ನು ತರಲು ಬರೆದುಕೊಟ್ಟ ಕೊನೆಯ ಅದಲುಬದಲು.